ಜರ್ಮನಿಯ ಏಕತಾಳ

ದಕ್ಷಿಣ ಕನ್ನಡಕ್ಕೂ ಜರ್ಮನರಿಗೂ ನಡುವಿನ ಲೆಕ್ಕ ಬರೆಯಲು ಕೂತರೆ ಜಮೆಯ ಪುಟ ತುಂಬಿ ಹೋಗುತ್ತದೆ, ಖರ್ಚಿನ ಪುಟ ಖಾಲಿ ಬಿದ್ದಿರುತ್ತದೆ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿ ನಮಗೆ ಪೇಪರಿನ ಚಟ ಹಿಡಿಸಿದರು. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಹಾಕಿ, ಮುಳಿಹುಲ್ಲಿನ ಮಾಡಿನಡಿ ಮಲಗುತ್ತಿದ್ದವರನ್ನು ಹಂಚಿನ ಮಾಡಿನಡಿಗೆ ತಂದರು. ಮೆನ್ನರ್ 1886ರಲ್ಲಿ ತುಳು ನಿಘಂಟು ಕೊಟ್ಟರು, ಕಿಟೆಲ್ 1894ರಲ್ಲಿ ಕನ್ನಡ ನಿಘಂಟು ಕೊಟ್ಟರು. ಅದಕ್ಕೂ ಮೊದಲೇ, 1875ರಲ್ಲಿ, ಅದೇ ಕಿಟೆಲ್ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದರು. ಅಂದರೆ ನಮ್ಮ ಮಾತ್ರೆ, ಗಣಗಳನ್ನು ಬೆರಳು ಮಡಚಿ ಎಣಿಸಿ ನಮಗೇ ಒಪ್ಪಿಸಿದವರೂ ಒಬ್ಬ ಜರ್ಮನ್ ಪಾದ್ರಿಯೇ. ಇಷ್ಟಕ್ಕೆಲ್ಲ ನಾವು ತಿರುಗಿ ಕೊಟ್ಟ ಸಾಮಾನು ಒಂದೇ ಒಂದು, ಅದೂ ಬೆಂಗಳೂರಿನ ಮೂಲಕ, ಅದೂ ನೂರಕ್ಕೂ ಹೆಚ್ಚು ವರ್ಷ ತಡವಾಗಿ. ಅದು ತಾಳ. ಪಡೆದುಕೊಂಡವರು ಉದ್ದ ಕೂದಲು ಬಿಟ್ಟ, ಊರ ಹಿರಿಯರ ಭಾಷೆಯಲ್ಲಿ ಹೇಳುವುದಾದರೆ ಕೆಲಸವಿಲ್ಲದ, ಜರ್ಮನಿಯ ರಾಕ್ ಸಂಗೀತದ ಹುಡುಗರು.

ಆ ಹುಡುಗರು ನನ್ನ ಕಿವಿಗೆ ಬಿದ್ದದ್ದು ತೊಂಬತ್ತರ ದಶಕದಲ್ಲಿ. ಆಗ ಗುರುವಾಯನಕೆರೆ ಪೇಟೆಯಲ್ಲಿ ಸಂಗೀತ ಅಂದರೆ ಕ್ಯಾಸೆಟ್ಟು, ಕ್ಯಾಸೆಟ್ಟು ಅಂದರೆ ಮುಕ್ಕಾಲು ಪಾಲು ಯಕ್ಷಗಾನ, ಉಳಿದ ಕಾಲು ಪಾಲು ರಾಜ್‌ಕುಮಾರ್ ಮತ್ತು ದೇವರು. ಬೇಸಿಗೆ ರಜೆಗೆ ಬೆಂಗಳೂರಿನಿಂದ ಬರುತ್ತಿದ್ದ ಸೋದರತ್ತೆಯ ಮಗ, ನನಗೆ ಭಾವ, ಒಮ್ಮೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದ ಸಂಗೀತವನ್ನು ನನಗೆ ಬಿಟ್ಟು ಹೋದ. ಮೇಲೆ ಪೆನ್ಸಿಲಿನಲ್ಲಿ ‘ಕ್ಯಾನ್’, ‘ನೊಯ್’, ‘ಎಂಬ್ರಿಯೊ’ ಎಂದು ಬರೆದಿತ್ತು. ಚಿಮಿಣಿ ಎಣ್ಣೆಯ ಕ್ಯಾನಿಗೂ ಇದಕ್ಕೂ ಏನು ಸಂಬಂಧ ಎಂದು ಅತ್ತೆ ಕೇಳಿದ್ದು ನೆನಪುಂಟು.

ನಮ್ಮ ಮನೆಯ ಟೇಪ್‌ರೆಕಾರ್ಡರ್ ಪೇಟೆಯ ರಿಪೇರಿ ಅಂಗಡಿಯಲ್ಲಿತ್ತು. ಅದು ಹೆಚ್ಚು ಕಾಲ ಅಲ್ಲಿಯೇ ಇರುತ್ತಿತ್ತು. ಸರಿಯಾಗಿದೆಯೋ ಇಲ್ಲವೋ ನೋಡಲು ನಾನು ಈ ಕ್ಯಾಸೆಟ್ಟನ್ನೇ ಹಾಕಿದೆ. ನೊಯ್ ತಂಡದ ಮೊದಲ ತಟ್ಟೆಯ ಮೊದಲ ತುಣುಕು, ‘ಹಾಲೋಗಾಲೋ’, ಹತ್ತು ನಿಮಿಷದ್ದು. ಡ್ರಮ್ಮು ಹೊರಟಿತು. ಒಂದು ನಿಮಿಷ ಕಳೆಯಿತು. ಅದೇ ಡ್ರಮ್ಮು. ಎರಡು ನಿಮಿಷ, ಅದೇ ಡ್ರಮ್ಮು. ಅಂಗಡಿಯವರು ಸೋಲ್ಡರಿಂಗ್ ಕೆಳಗಿಟ್ಟು, ಕ್ಯಾಸೆಟ್ಟು ಹೊರತೆಗೆದು, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ರೀಲನ್ನು ಪೆನ್ನಿನಿಂದ ಸುತ್ತಿ ಮತ್ತೆ ಹಾಕಿದರು. ಮತ್ತೆ ಅದೇ ಡ್ರಮ್ಮು.

“ಇದು ಹೀಗೇ ಉಂಟು” ಅಂದೆ.

“ಹೀಗೇ ಉಂಟಾದರೆ ರಿಪೇರಿ ಮಾಡ್ಲಿಕ್ಕೆ ಆಗುವುದಿಲ್ಲ ಮಾರಾಯ” ಎಂದು ಕ್ಯಾಸೆಟ್ಟು ಕೈಗೆ ಕೊಟ್ಟರು. ಅಡಿಕೆ ಮಾರಿ ಬಂದು ಅಲ್ಲಿ ನಿಂತಿದ್ದ ಒಬ್ಬರು, “ಪದ್ಯ ಯಾವಾಗ ಶುರು ಆಗ್ತದೆ?” ಎಂದು ಕೇಳಿದರು. ಪಾಪ, ಅಷ್ಟು ಹೊತ್ತೂ ಕಾದಿದ್ದರು.

ಜರ್ಮನಿಯ ಈ ಡ್ರಮ್ಮಿಗೆ ಲೋಕದ ಸಂಗೀತ ವಿಮರ್ಶಕರು ‘ಮೊಟೋರಿಕ್’ ಎಂದು ಹೆಸರಿಟ್ಟು ಪುಟಗಟ್ಟಲೆ ಬರೆದಿದ್ದಾರೆ. ನಾಲ್ಕು ಪೆಟ್ಟು, ಏರಿಳಿತವಿಲ್ಲ, ಮುಕ್ತಾಯವಿಲ್ಲ, ಮುಂದೆ ಮುಂದೆ ಹೋಗುವುದೊಂದೇ ಕೆಲಸ. ನೊಯ್ ತಂಡದಲ್ಲಿ ಅದನ್ನು ಬಾರಿಸಿದವರು ಕ್ಲೌಸ್ ಡಿಂಗರ್. ಕಲೋನಿನ ಕ್ಯಾನ್ ತಂಡದಲ್ಲಿ ಬೇರೆಯದೇ ಜಾತಿಯ, ಆದರೆ ಅಷ್ಟೇ ಹಟದ ತಾಳ ಹಿಡಿದವರು ಯಾಕಿ ಲೀಬೆಟ್ಸೈಟ್. ಇವರು ಮೊದಲು ಫ್ರೀ ಜಾಜ್ ಎಂಬ, ಯಾವ ತಾಳಕ್ಕೂ ಬಗ್ಗದ ಸಂಗೀತ ಬಾರಿಸುತ್ತಿದ್ದರು. ಒಂದು ದಿನ ಯಾರೋ ಒಬ್ಬ ಅರೆಮರುಳ ಬಂದು, ನೀನು ಒಂದೇ ಸಮನೆ ಬಾರಿಸಬೇಕು ಎಂದು ಹೇಳಿ ಹೋದನಂತೆ. ಇವರು ಅದನ್ನು ಉಪದೇಶವಾಗಿ ತೆಗೆದುಕೊಂಡರು. ನಮ್ಮಲ್ಲಾದರೆ ಇಂಥ ಉಪದೇಶ ಕೊಡಲು ಬೇರೆ ಮರುಳರು ಬೇಕಾಗಿಲ್ಲ. ಭೂತಕೋಲದ ಗದ್ದೆಯಲ್ಲಿ ತಾಸೆಯವರ ಹತ್ತಿರ ಬೆಳಗಿನವರೆಗೆ ನಿಂತರೆ ಸಾಕು.

ಕ್ಯಾಸೆಟ್ಟನ್ನು ನಾನು ದೊಡ್ಡಪ್ಪನಿಗೆ ಕೇಳಿಸಿದೆ. ದೊಡ್ಡಪ್ಪ ಊರಿನ ಯಕ್ಷಗಾನ ಸಂಘದಲ್ಲಿ ಚೆಂಡೆಗೆ ಕೂರುತ್ತಿದ್ದವರು. ಮೇಳದವರಿಗೆ ಜನ ಕಡಿಮೆಯಾದ ರಾತ್ರಿಗಳಲ್ಲಿ ಅವರನ್ನು ಕರೆದದ್ದೂ ಉಂಟು. ಜಗಲಿಯಲ್ಲಿ ಕೂತು, ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳು ಬಿಡುತ್ತಾ ಲೀಬೆಟ್ಸೈಟರನ್ನು ಕೊನೆಯವರೆಗೆ ಕೇಳಿದರು. ನಡುವೆ ಮಾತಾಡಲಿಲ್ಲ. ದೊಡ್ಡಮ್ಮ ಚಹಾ ತಂದಿಟ್ಟದ್ದು ಆರಿಹೋಯಿತು. ಕೊನೆಗೆ ತೀರ್ಪು ಬಂತು:

“ಈ ಜನಕ್ಕೆ ಕೈ ಉಂಟು. ಆದರೆ ಇವರಲ್ಲಿ ಭಾಗವತರಿಲ್ಲ.”

ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ಭಾಗವತರಿಲ್ಲದಿದ್ದರೆ ಇವನನ್ನು ನಿಲ್ಲಿಸುವುದು ಯಾರು?”

ನಾನು ಆಮೇಲೆ ಓದಿದ ಯಾವ ಪುಸ್ತಕದಲ್ಲಿಯೂ ಈ ಸಂಗೀತದ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗಲಿಲ್ಲ. ಯಕ್ಷಗಾನದಲ್ಲಿ ಚೆಂಡೆ ಎಷ್ಟು ಅಬ್ಬರಿಸಿದರೂ ರಂಗಸ್ಥಳದ ಹಿಂದೆ ಕೂತ ಭಾಗವತರು ಜಾಗಟೆಯ ಮೇಲೊಂದು ಪೆಟ್ಟು ಹಾಕಿದರೆ ಮುಗಿಯಿತು, ರಾಕ್ಷಸನೂ ನಿಲ್ಲಬೇಕು, ದೇವರೂ ನಿಲ್ಲಬೇಕು. ಕ್ಯಾನ್ ತಂಡದಲ್ಲಿ ಅಂಥ ಒಬ್ಬರು ಇರಲಿಲ್ಲ. ಬೇಕೆಂದೇ ಇರಲಿಲ್ಲ. ಅವರ ತಟ್ಟೆಗಳ ಮೇಲೆ ಇಂಥವರು ರಚಿಸಿದ್ದು ಎಂದು ಇರುವುದಿಲ್ಲ, ಎಲ್ಲವೂ ಎಲ್ಲರದು. ಏಕೆಂದರೆ ಅದು ನಾಯಕ ಎಂಬ ಮಾತು ಕೇಳಿದರೇ ಬೆಚ್ಚುವ ತಲೆಮಾರು. ಅವರ ದೇಶ ಒಬ್ಬ ನಾಯಕನ ಹಿಂದೆ ಹೋಗಿ ಏನು ಮಾಡಿತ್ತು ಎಂಬುದಕ್ಕೆ ಅವರು ಆಡಿ ಬೆಳೆದ ಬೀದಿಗಳ ಮುರುಕು ಗೋಡೆಗಳೇ ಸಾಕ್ಷಿ ಹೇಳುತ್ತಿದ್ದವು.

1968ರಲ್ಲಿ ಜರ್ಮನಿಯ ವಿದ್ಯಾರ್ಥಿಗಳು ಬೀದಿಗಿಳಿದರು. ಯುದ್ಧದ ಕಾಲದಲ್ಲಿ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ ಎಂದು ಮನೆಯಲ್ಲಿ ಕೇಳಿದರೆ ಅಪ್ಪಂದಿರು ಸೂಪು ಕುಡಿಯುತ್ತಾ ಸುಮ್ಮನಿರುತ್ತಿದ್ದ ಕಾಲ ಅದು. ಹಿಟ್ಲರನ ಕಾಲದ ಎಷ್ಟೋ ಮಾಸ್ತರರು, ಜಡ್ಜುಗಳು ಅದೇ ಕುರ್ಚಿಯಲ್ಲಿ ಕೂತಿದ್ದರು. ರೇಡಿಯೋದಲ್ಲಿ ‘ಶ್ಲಾಗರ್’ ಎಂಬ ಸಕ್ಕರೆಪಾಕದ ಹಾಡುಗಳು, ಏನೂ ಆಗಲೇ ಇಲ್ಲವೆಂಬಂತೆ. ಅದು ಬೇಡವೆಂದರೆ ಇದ್ದದ್ದು ಅಮೆರಿಕ, ಇಂಗ್ಲೆಂಡುಗಳ ರಾಕ್, ಅಂದರೆ ಗೆದ್ದವರ ಹಾಡು. ಹಿಂದೆ ತಿರುಗಿದರೆ ನಾಚಿಕೆ, ಪಕ್ಕಕ್ಕೆ ತಿರುಗಿದರೆ ನಕಲು. ಆ ವರ್ಷದ ಸೆಪ್ಟೆಂಬರಿನಲ್ಲಿ ಎಸ್ಸೆನ್ ಎಂಬ ಕಲ್ಲಿದ್ದಲಿನ ಊರಲ್ಲಿ ನಡೆದ ಸಂಗೀತ ಮೇಳದಲ್ಲಿ ಅಮೋನ್ ಡ್ಯೂಲ್, ಟ್ಯಾಂಜರೀನ್ ಡ್ರೀಮ್ ಮುಂತಾದವರು ಹತ್ತಿದ ವೇದಿಕೆಯನ್ನು ಈ ಸಂಗೀತದ ತೊಟ್ಟಿಲು ಎನ್ನುವವರುಂಟು. ಅದೇ ವರ್ಷ ಕಲೋನಿನಲ್ಲಿ ಕ್ಯಾನ್ ಹುಟ್ಟಿತು. ಅದನ್ನು ಕಟ್ಟಿದ ಇರ್ಮಿನ್ ಶ್ಮಿಟ್, ಹೋಲ್ಗರ್ ಚುಕಾಯ್ ಇಬ್ಬರೂ ಸ್ಟಾಕ್‌ಹೌಸನ್ ಎಂಬ ಮಹಾ ಪಂಡಿತರಲ್ಲಿ ಪಾಠ ಹೇಳಿಸಿಕೊಂಡವರು. ಪದವಿ ಪಡೆದ ಮೇಲೆ ಡ್ರಮ್ಮಿನ ಹಿಂದೆ ಹೋದದ್ದಕ್ಕೆ ಮನೆಯಲ್ಲಿ ಏನೆಂದರೋ.

ನಮ್ಮಲ್ಲಿ ಹಿರಿಯರು ಬಾಯಿ ಮುಚ್ಚುವುದಿಲ್ಲ. ಸಂಪ್ರದಾಯ, ಪರಂಪರೆ ಎನ್ನದೆ ನಮ್ಮ ಒಂದು ಸಭೆಯೂ ಮುಗಿಯುವುದಿಲ್ಲ. ಸನ್ಮಾನದ ಶಾಲು ಹೊದೆಸುವಾಗಲಂತೂ ಮೈಕಿನಲ್ಲಿ ಅದೇ ಎರಡು ಮಾತು. ಆ ಮಾತನ್ನು ಬಾಯಲ್ಲಿ ತರಲಾಗದ ಸ್ಥಿತಿ ಹೇಗಿದ್ದೀತು ಎಂದು ನಾನು ಆಗಾಗ ಊಹಿಸಲು ನೋಡುತ್ತೇನೆ, ಆಗುವುದಿಲ್ಲ. ದೊಡ್ಡಪ್ಪ ಇಡೀ ರಾತ್ರಿ ಬಾರಿಸುತ್ತಿದ್ದದ್ದು ಅವರ ಗುರುಗಳು ಇಡೀ ರಾತ್ರಿ ಬಾರಿಸುತ್ತಿದ್ದರು ಎಂಬ ಕಾರಣಕ್ಕೆ. ಲೀಬೆಟ್ಸೈಟ್ ಗಂಟೆಗಟ್ಟಲೆ ಬಾರಿಸಿದ್ದು ಹಿಂದಿನದ್ದೇನೂ ಬೇಡವೆಂಬ ಕಾರಣಕ್ಕೆ. ಇಬ್ಬರೂ ಹೋಗಿ ನಿಂತದ್ದು ಮಾತ್ರ ಹೆಚ್ಚು ಕಡಿಮೆ ಒಂದೇ ಜಾಗದಲ್ಲಿ.

ಅವರ ಸಂಗೀತ ಹುಟ್ಟಿದ ಜಾಗಗಳೂ ನಮ್ಮ ಕಡೆಯವರಿಗೆ ಪರಕೀಯವಲ್ಲ. ಫೌಸ್ಟ್ ತಂಡ ಇದ್ದದ್ದು ವ್ಯೂಮ್ಮೆ ಎಂಬ ಹಳ್ಳಿಯ ಹಳೆಯ ಶಾಲೆಯಲ್ಲಿ. ನೊಯ್ ಮುಂತಾದ ತಂಡಗಳ ಧ್ವನಿ ತಿದ್ದಿದ ಕಾನಿ ಪ್ಲಾಂಕ್ ಕಲೋನಿನ ಹತ್ತಿರದ ಒಂದು ತೋಟದ ಮನೆಯ ಹಂದಿ ಗೂಡನ್ನು ಸ್ಟುಡಿಯೋ ಮಾಡಿಕೊಂಡಿದ್ದರು. ಕ್ಯಾನ್ ತಂಡ ಮೊದಲು ಒಂದು ಕೋಟೆಮನೆಯಲ್ಲಿದ್ದು, ಆಮೇಲೆ ವೈಲರ್ಸ್‌ವಿಸ್ಟ್ ಎಂಬ ಊರಿನ ಹಳೆಯ ಸಿನಿಮಾ ಟಾಕೀಸಿಗೆ ಹೋಯಿತು. ಸದ್ದು ಹೊರಗೆ ಹೋಗದಂತೆ ಗೋಡೆಗೆಲ್ಲ ಸೈನ್ಯದ ಹಳೆಯ ಹಾಸಿಗೆಗಳನ್ನು ಹೊಡೆದರು. ಅವರು ಹಾಸಿಗೆಯನ್ನು ಗೋಡೆಗೆ ನೇತುಹಾಕಿದರು. ನಾವು ಯಕ್ಷಗಾನದ ಆಟಕ್ಕೆ ಹೋಗುವಾಗ ಚಾಪೆ ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಗದ್ದೆಯಲ್ಲಿ ಹಾಸುತ್ತಿದ್ದೆವು. ಬಾಲಗೋಪಾಲ, ಸ್ತ್ರೀವೇಷ ಮುಗಿಯುವಾಗ ಮಕ್ಕಳೆಲ್ಲ ಮಲಗಿಯಾಗಿರುತ್ತಿತ್ತು. ದೇವಿಮಹಾತ್ಮೆಯಾದರೆ ರಾತ್ರಿ ಮೂರರ ಸುಮಾರಿಗೆ ಮಹಿಷಾಸುರ ದೊಂದಿ, ಬೊಬ್ಬೆಗಳೊಂದಿಗೆ ಜನರ ನಡುವಿನಿಂದಲೇ ನುಗ್ಗಿ ಬರುವಾಗ ಅಮ್ಮಂದಿರು ತಟ್ಟಿ ಎಬ್ಬಿಸುತ್ತಿದ್ದರು. ಅರ್ಧ ನಿದ್ದೆಯಲ್ಲಿ ಕೇಳಿದ ಆ ಚೆಂಡೆ ಈಗಲೂ ನನ್ನ ಕಿವಿಯಲ್ಲಿ ಉಂಟು. ಪೂರ್ತಿ ಎಚ್ಚರದಲ್ಲಿ ಕೇಳಿದ ಯಾವುದೂ ಅಷ್ಟು ಉಳಿದಿಲ್ಲ.

ಹೀಗಿರುವಾಗ ಕ್ರಾಫ್ಟ್‌ವೆರ್ಕ್ ಎಂಬ ತಂಡ 1974ರಲ್ಲಿ ‘ಆಟೋಬಾನ್’ ಎಂಬ ಇಪ್ಪತ್ತೆರಡು ನಿಮಿಷದ ಹಾಡು ಮಾಡಿತು, ಅದರ ಉದ್ದಕ್ಕೆ ಜಗತ್ತೇ ಬೆರಗಾಯಿತು ಎಂದು ಓದಿದಾಗ ನಗು ಬಂತು. ಇಪ್ಪತ್ತೆರಡು ನಿಮಿಷದಲ್ಲಿ ನಮ್ಮ ವೇಷಧಾರಿಗೆ ಕಿರೀಟ ಕಟ್ಟಿ ಮುಗಿಯುವುದಿಲ್ಲ. ಆ ಹಾಡು ಜರ್ಮನಿಯ ಹೆದ್ದಾರಿಯಲ್ಲಿ ಕಾರು ಹೋಗುವ ಸುಖದ ಹಾಡು. ಅದನ್ನು ಒಮ್ಮೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗುರುವಾಯನಕೆರೆಯಿಂದ ಬಿ.ಸಿ. ರೋಡಿಗೆ ಬಸ್ಸಿನಲ್ಲಿ ಕೇಳಿ ನೋಡಿದೆ. ಡ್ಯೂಸೆಲ್‌ಡಾರ್ಫಿನ ಕಾರು ಜಾರಿಕೊಂಡು ಹೋಗುತ್ತಿದ್ದರೆ ನಮ್ಮ ಬಸ್ಸು ಮಡಂತ್ಯಾರಿನಲ್ಲಿ ಹತ್ತಿಸಿ, ಪುಂಜಾಲಕಟ್ಟೆಯಲ್ಲಿ ಇಳಿಸಿ, ವಗ್ಗದಲ್ಲಿ ಹಿಂದಿನ ಬಸ್ಸಿನವನೊಂದಿಗೆ ಟೈಮಿಂಗಿನ ಜಗಳ ಮಾಡಿ, ಕಂಡಕ್ಟರನ ಸೀಟಿ ಮತ್ತು “ರೈಟ್ ಪೋಯಿ”ಗಳ ನಡುವೆ ಕುಲುಕುತ್ತಿತ್ತು. ಕ್ರಾಫ್ಟ್‌ವೆರ್ಕ್‌ನವರು ಈ ದಾರಿಯಲ್ಲಿ ಬಂದಿದ್ದರೆ ಯಂತ್ರಸಂಗೀತ ಹುಟ್ಟುತ್ತಿರಲಿಲ್ಲ, ಝಂಪೆತಾಳ ಹುಟ್ಟುತ್ತಿತ್ತು.

ನೊಯ್ ತಂಡದ ಎರಡನೆಯ ತಟ್ಟೆಯ ಕತೆಯನ್ನಂತೂ ರಿಪೇರಿ ಅಂಗಡಿಯವರಿಗೆ ಹೇಳಬೇಕೆಂದು ಬಹಳ ಆಸೆಯಿತ್ತು. 1973ರಲ್ಲಿ ಅರ್ಧ ರೆಕಾರ್ಡಿಂಗ್ ಆಗುವಾಗ ದುಡ್ಡು ಮುಗಿಯಿತು. ಆಗ ಅವರು ತಮ್ಮದೇ ಹಳೆಯ ಸಣ್ಣ ತಟ್ಟೆಯನ್ನು ಒಮ್ಮೆ ನಿಧಾನವಾಗಿ, ಒಮ್ಮೆ ಜೋರಾಗಿ ತಿರುಗಿಸಿ, ಅದನ್ನೇ ರೆಕಾರ್ಡು ಮಾಡಿ ಇನ್ನೊಂದು ಬದಿಗೆ ತುಂಬಿಸಿ ಮಾರಿದರು. ಕೊಂಡವರು ಸಿಟ್ಟಾದರು. ಈಗ ಅದಕ್ಕೆ ರೀಮಿಕ್ಸ್ ಕಲೆಯ ಮುಂಗಾಣ್ಕೆ ಎಂಬ ಗೌರವ ಬಂದಿದೆ. ಬ್ಯಾಟರಿ ಇಳಿದ ಟೇಪ್‌ರೆಕಾರ್ಡರಿನಲ್ಲಿ ನಾವು ಎಷ್ಟು ಭಾಗವತರನ್ನು ಹಾಗೆ ಕೇಳಿದ್ದೇವೆ, ಯಾರೂ ಗೌರವ ಕೊಡಲಿಲ್ಲ.

ಇನ್ನು ಖರ್ಚಿನ ಪುಟಕ್ಕೆ ಬರುತ್ತೇನೆ. ಟಿ.ಎ.ಎಸ್. ಮಣಿ ಎಂಬ ಮೃದಂಗ ವಿದ್ವಾಂಸರು 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯಗಳ ಶಾಲೆ ತೆರೆದಿದ್ದರು. ಅವರ ಪತ್ನಿ ಆರ್.ಎ. ರಮಾಮಣಿ ಗಾಯಕಿ. ಇತ್ತ ಮ್ಯೂನಿಕ್‌ನಲ್ಲಿ ಕ್ರಿಸ್ಟಿಯಾನ್ ಬುರ್ಖಾರ್ಡ್ 1969ರಲ್ಲಿ ಕಟ್ಟಿದ ಎಂಬ್ರಿಯೊ ತಂಡಕ್ಕೆ ಜರ್ಮನಿಯೊಳಗೆ ಕೂತು ಹೊಸದು ಹುಡುಕುವುದು ಸಾಕಾಗಿತ್ತು. 1978ರಲ್ಲಿ ಅವರು ಬಸ್ಸು ಹತ್ತಿ ಹೊರಟರು. ಹೆಂಡತಿ ಮಕ್ಕಳು, ವಾದ್ಯ, ಪಾತ್ರೆ ಪಗಡ ಸಹಿತ. ತುರ್ಕಿ, ಕ್ರಾಂತಿಯ ಬೆಂಕಿ ಹತ್ತಿದ ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಭಾರತಕ್ಕೆ. ದಾರಿಯುದ್ದಕ್ಕೂ ಸಿಕ್ಕಿದವರ ಜೊತೆ ಬಾರಿಸುತ್ತಾ ಬಂದದ್ದರ ಸಿನಿಮಾ, ‘ವಾಗಬುಂಡನ್ ಕರವಾನೆ’, 1980ರಲ್ಲಿ ಬಂತು. ಮೇಳದ ತಿರುಗಾಟ ಅಂದರೆ ಇದೇ. ನಮ್ಮವರು ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುತ್ತಾರೆ, ಇವರಿಗೆ ಪತ್ತನಾಜೆ ಇರಲಿಲ್ಲ.

ಎಂಬ್ರಿಯೊ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕೂಡಿ ಮಾಡಿದ ‘ಲೈಫ್’ ಎಂಬ ತಟ್ಟೆಯೂ ಆ ಹೊತ್ತಿನದೇ. ನನ್ನ ಭಾವನ ಕ್ಯಾಸೆಟ್ಟಿನ ಕೊನೆಯಲ್ಲಿ ಇದ್ದದ್ದು ಇದು. ಎಂಬ್ರಿಯೊದಿಂದ ಸಿಡಿದು ಹೊರಬಂದ ಮೂವರು ಕಟ್ಟಿದ ಡಿಸಿಡೆಂಟನ್ ತಂಡ 1982ರಲ್ಲಿ ತನ್ನ ಮೊದಲ ತಟ್ಟೆ ‘ಜರ್ಮನಿಸ್ತಾನ್’ ಮಾಡಿದ್ದೂ ಬೆಂಗಳೂರಿನ ಇದೇ ಬಳಗದ ಜೊತೆ. ರಾಕ್ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ ರಮೇಶ್ ಶೋಥಮ್ ಈ ಶಾಲೆಯಲ್ಲಿ ತವಿಲ್ ಕಲಿತು ಕಲೋನಿನಲ್ಲಿಯೇ ನೆಲೆಯಾದರು. ಬೋಸ್ಟನ್ನಿನಲ್ಲಿ ಹುಟ್ಟಿ ಕಲೋನಿನಲ್ಲಿ ಬಾಳಿದ ಚಾರ್ಲಿ ಮೇರಿಯಾನೊ ಎಂಬ ಸ್ಯಾಕ್ಸೊಫೋನ್ ವಾದಕರದ್ದು ಇನ್ನೂ ಚೆಂದ. ಇವರು ದಕ್ಷಿಣ ಭಾರತದಲ್ಲಿ ಪಾಠ ಹೇಳಿಸಿಕೊಂಡು ನಾಗಸ್ವರ ಊದಿದವರು. ಎಂಬ್ರಿಯೊದ 1973ರ ತಟ್ಟೆಯೊಂದರಲ್ಲಿ ಜರ್ಮನ್ ಡ್ರಮ್ಮಿನ ನಡುವೆ ನಾಗಸ್ವರ ಕೇಳುತ್ತದೆ. ಅದನ್ನು ಕೇಳಿದ ಕೂಡಲೇ ದೊಡ್ಡಪ್ಪ ಕೇಳಿದ್ದು ಒಂದೇ: “ಜರ್ಮನಿಯಲ್ಲಿ ಎಲ್ಲಿ ಕೋಲ ಆದದ್ದು?”

1983ರ ಫೆಬ್ರವರಿಯಲ್ಲಿ ಮೇರಿಯಾನೊ, ರಮಾಮಣಿ, ಮಣಿ, ಘಟ ಮತ್ತು ಮೋರ್ಚಿಂಗಿನ ಆರ್.ಎ. ರಾಜಗೋಪಾಲ್, ಖಂಜಿರದ ಟಿ.ಎನ್. ಶಶಿಕುಮಾರ್ ಸೇರಿ ‘ಜ್ಯೋತಿ’ ಎಂಬ ತಟ್ಟೆ ಮುದ್ರಿಸಿದರು. ಆಲಿಸಿದರೆ ಜರ್ಮನಿಯ ಆ ಹಟದ ತಾಳಕ್ಕೂ ನಮ್ಮ ತಾಳಕ್ಕೂ ಇರುವ ಅಂತರ ಗೊತ್ತಾಗುತ್ತದೆ. ಮೊಟೋರಿಕ್ಕಿಗೆ ಮನೆ ಇಲ್ಲ, ಹೊರಟದ್ದು ಹೊರಟೇ ಇರುತ್ತದೆ. ಮಣಿಯವರ ಮೃದಂಗ ಎಷ್ಟು ದೂರ ತಿರುಗಿದರೂ ಸಮಕ್ಕೆ ಬಂದು ಸೇರುತ್ತದೆ, ಅದರಲ್ಲಿಯೇ ಅದಕ್ಕೆ ಸುಖ. ಇದನ್ನು ಮುದ್ರಿಸಿದ ಊರು ಲುಡ್‌ವಿಗ್ಸ್‌ಬುರ್ಗ್, ಸ್ಟುಟ್‌ಗಾರ್ಟಿನ ಪಕ್ಕ. ಸ್ಟುಟ್‌ಗಾರ್ಟ್ ಅಂದರೆ ಮಲೆಯಾಳಕ್ಕೆ ನಿಘಂಟು ಮಾಡಿದ ಗುಂಡರ್ಟರ ಊರು. ಮೊಗ್ಲಿಂಗರ ಬ್ರಾಕನ್‌ಹೈಮ್ ಕೂಡ ಅಲ್ಲೇ ಹತ್ತಿರ. ‘ಮಂಗಳೂರ ಸಮಾಚಾರ’ ಬಂದು 140 ವರ್ಷಕ್ಕೆ ಉತ್ತರ ಹೋಗಿ ಅವರ ಅಂಗಳದಲ್ಲೇ ಬಿತ್ತು ಎಂದಾಯಿತು. ಅಂಚೆ ನಿಧಾನ, ಆದರೆ ವಿಳಾಸ ತಪ್ಪಲಿಲ್ಲ.

ಜರ್ಮನಿಯ ಆ ರಾಕ್ ಸಂಗೀತದಿಂದ ಲೋಕಕ್ಕೆ ಏನು ಸಿಕ್ಕಿತು ಎಂಬ ಪಟ್ಟಿ ಉದ್ದವಿದೆ. ನನಗೆ ಅದರಲ್ಲಿ ಅಷ್ಟು ಆಸಕ್ತಿಯಿಲ್ಲ. ಡೇವಿಡ್ ಬೋವಿ 1976ರ ಹೊತ್ತಿಗೆ ಬರ್ಲಿನ್ನಿಗೆ ಹೋಗಿ ಕೂತದ್ದು, ಬ್ರಯಾನ್ ಈನೋ ಜರ್ಮನಿಯ ಹಳ್ಳಿಯಲ್ಲಿ ಕ್ಲಸ್ಟರ್ ತಂಡದವರ ಮನೆಯಲ್ಲಿ ಉಳಿದದ್ದು ಎಲ್ಲ ಈ ಸೆಳೆತಕ್ಕೆ. 1982ರಲ್ಲಿ ನ್ಯೂಯಾರ್ಕಿನ ಆಫ್ರಿಕಾ ಬಂಬಾಟ ಕ್ರಾಫ್ಟ್‌ವೆರ್ಕಿನ ರಾಗವೊಂದನ್ನು ಎತ್ತಿಕೊಂಡು ‘ಪ್ಲಾನೆಟ್ ರಾಕ್’ ಮಾಡಿದರು, ಡೆಟ್ರಾಯಿಟಿನ ಕಪ್ಪು ಹುಡುಗರು ಅದೇ ಯಂತ್ರದ ಸದ್ದಿನಿಂದ ಟೆಕ್ನೋ ಕಟ್ಟಿದರು. ಈಗ ಗಣಪತಿ ವಿಸರ್ಜನೆಯ ದಿನ ಲಾರಿಯ ಮೇಲೆ ಡಿಜೆ ಇಟ್ಟುಕೊಂಡು ಪೇಟೆಯ ಕಿಟಿಕಿ ಗಾಜುಗಳನ್ನು ಅಲ್ಲಾಡಿಸುವ ಸದ್ದಿನ ಒಂದು ಬೇರು ಡ್ಯೂಸೆಲ್‌ಡಾರ್ಫಿನಲ್ಲಿದೆ. ಗಣಪತಿಗೆ ಇದು ಗೊತ್ತಿಲ್ಲ, ಕುಣಿಯುವವರಿಗೂ ಗೊತ್ತಿಲ್ಲ. ಗೊತ್ತಿರುವ ನಾನು ಕಿವಿಗೆ ಹತ್ತಿ ಇಟ್ಟುಕೊಂಡಿರುತ್ತೇನೆ.

ಆದರೆ ಅವರೇ ಕಲಿಸಿದ ಇನ್ನೊಂದು ವಿದ್ಯೆ ನನ್ನನ್ನು ಕಾಡುತ್ತದೆ. ಕ್ಯಾನ್ ತಂಡದವರು 1969ರ ‘ಯೂ ಡೂ ರೈಟ್’ ಹಾಡನ್ನು ಆರು ಗಂಟೆ ಕಾಲ ಬಾರಿಸಿದ್ದರಂತೆ. ಚುಕಾಯ್ ಟೇಪನ್ನು ಕತ್ತರಿಸಿ ಇಪ್ಪತ್ತು ನಿಮಿಷಕ್ಕೆ ತಂದರು. ‘ಆಟೋಬಾನ್’ ಅನ್ನು ಮೂರೂವರೆ ನಿಮಿಷಕ್ಕೆ ಇಳಿಸಿ ಅಮೆರಿಕದ ರೇಡಿಯೋಗಳಿಗೆ ಕೊಟ್ಟ ಮೇಲೆಯೇ 1975ರಲ್ಲಿ ಅದು ಅಲ್ಲಿನ ಪಟ್ಟಿಯಲ್ಲಿ 25ನೇ ಸ್ಥಾನಕ್ಕೆ ಏರಿದ್ದು. ಈಗ ನಮ್ಮಲ್ಲಿ ಇದಕ್ಕೆ ಕಾಲಮಿತಿ ಎನ್ನುತ್ತಾರೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ಕಾನೂನಿನ ಅಡ್ಡಿ, ಬೆಳಿಗ್ಗೆ ಆಫೀಸಿಗೆ ಹೋಗುವವರ ಅಡ್ಡಿ, ಎಲ್ಲ ಸೇರಿ ಎಷ್ಟೋ ಮೇಳಗಳ ಆಟ ಸಂಜೆ ಶುರುವಾಗಿ ನಡುರಾತ್ರಿಗೆ ಮುಗಿಯುತ್ತದೆ. ಕಾರಣಗಳೆಲ್ಲ ಸರಿಯೇ, ನಾನೂ ಒಪ್ಪುತ್ತೇನೆ. ಒಂದು ತೊಂದರೆ ಮಾತ್ರ ಯಾರಿಗೂ ಹೊಳೆಯಲಿಲ್ಲ: ಮೊದಲು ಆಟ ಮುಗಿಯುವುದೂ ಬೆಳಗ್ಗಿನ ಮೊದಲ ಬಸ್ಸು ಬರುವುದೂ ಒಟ್ಟಿಗೇ ಆಗುತ್ತಿತ್ತು. ಈಗ ಮಂಗಳ ಹಾಡುವ ಹೊತ್ತಿಗೆ ಕೊನೆಯ ಬಸ್ಸು ಹೋಗಿ ಎಷ್ಟೋ ಹೊತ್ತಾಗಿರುತ್ತದೆ. ಸ್ವಂತ ಬೈಕು ಇಲ್ಲದವನಿಗೆ ಪುರಾಣ ಕೇಳುವ ಪುಣ್ಯವಿಲ್ಲ.

ಹೋದ ವರ್ಷ ಊರ ಹತ್ತಿರ ದೇವಿಮಹಾತ್ಮೆ ಆದಾಗ ದೊಡ್ಡಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಅವರಿಗೀಗ ಕೈ ನಡುಗುತ್ತದೆ, ಚೆಂಡೆಯ ಕೋಲು ಹಿಡಿಯುವುದಿಲ್ಲ. ಚರುಂಬುರಿ ತಿಂದು ಮುಗಿಯುವಷ್ಟರಲ್ಲಿ, ಇನ್ನೂ ಹತ್ತೂವರೆಗೇ, ಮಹಿಷಾಸುರ ಬಂದುಬಿಟ್ಟ. ದೊಂದಿ, ಬೊಬ್ಬೆ, ಕೋಣನ ಕೊಂಬು ಎಲ್ಲ ಇತ್ತು. ಮಕ್ಕಳು ಎಚ್ಚರವಾಗಿದ್ದು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು.

“ಇವನಿಗೆ ಎಷ್ಟು ಗಂಟೆಗೆ ಮನೆಗೆ ಹೋಗ್ಬೇಕಂತೆ?” ಎಂದು ದೊಡ್ಡಪ್ಪ ಕೇಳಿದರು.

ಹನ್ನೆರಡೂವರೆಗೆ ಮನೆ ಸೇರಿದೆವು. ದೊಡ್ಡಮ್ಮ ಬಾಗಿಲು ತೆಗೆದು, ಆಟ ನಿಂತಿತೋ ಎಂದು ಗಾಬರಿಯಾದರು. ದೊಡ್ಡಪ್ಪನಿಗೆ ನಿದ್ದೆ ಬರಲಿಲ್ಲ. ಆಟದ ರಾತ್ರಿ ಬೆಳಗಿಗೆ ಮೊದಲು ಮಲಗಿ ಅವರಿಗೆ ಅಭ್ಯಾಸವಿಲ್ಲ. ಜಗಲಿಗೆ ಬಂದು ಕೂತರು.

“ನಿನ್ನ ಆ ಜರ್ಮನಿಯವರದ್ದು ಈಗಲೂ ಸಿಗ್ತದಾ? ಉದ್ದದ್ದು ಯಾವುದಾದ್ರೂ ಹಾಕು.”

ಮೊಬೈಲಿನಲ್ಲಿ ಕ್ಯಾನ್ ತಂಡದ ‘ಹಾಲೆಲುಹ್ವಾ’ ಹಾಕಿದೆ, 1971ರದ್ದು, ನನ್ನ ಕ್ಯಾಸೆಟ್ಟಿನಲ್ಲಿದ್ದದ್ದೇ. ಲೀಬೆಟ್ಸೈಟ್ ಹಿಡಿದ ತಾಳ ಬಿಡದೆ ಬಾರಿಸಿದರು. ದೊಡ್ಡಪ್ಪನ ಬೆರಳು ತೊಡೆಯ ಮೇಲೆ ಆಡತೊಡಗಿತು. ನಡುಕ ಯಾವುದು ತಾಳ ಯಾವುದು ಎಂದು ನನಗೆ ತಿಳಿಯಲಿಲ್ಲ. ಹದಿನೆಂಟು ನಿಮಿಷಕ್ಕೆ ಮುಗಿಯಿತು.

ದೊಡ್ಡಪ್ಪ ಕಣ್ಣು ಬಿಟ್ಟು ಮೊಬೈಲನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು.

“ಇವರದ್ದೂ ಕಾಲಮಿತಿಯಾ?”